ಬಿಳಿ ವ್ಯಾನಿನ ಕಳ್ಳನೂ ಮುಂಗಡ ಕೊಡುವ ಪರಿಚಿತನೂ

ಮೈಸೂರಿನ ಒಂಟಿಕೊಪ್ಪಲ್ ಎಂದೊಡನೆ ಹೊರಗಿನವರಿಗೆ ಮೊದಲು ನೆನಪಾಗುವುದು ಪಂಚಾಂಗ. ಏಕಾದಶಿ ಇವತ್ತೋ ನಾಳೆಯೋ ಎಂದು ಗಳಿಗೆ ಲೆಕ್ಕ ಹಿಡಿದು ತಕರಾರು ತೆಗೆಯುವವರು ಇಲ್ಲಿ ಈಗಲೂ ಇದ್ದಾರೆ. ಅದೇ ಮಹನೀಯರ ಮೊಬೈಲಿಗೆ ‘ಮಕ್ಕಳ ಕಳ್ಳರ ಗ್ಯಾಂಗ್ ಮೈಸೂರಿಗೆ ಇಳಿದಿದೆ, ಬಿಳಿ ವ್ಯಾನ್, ಕಿಡ್ನಿ ತೆಗೆದು ಮಾರುತ್ತಾರೆ, ಎಲ್ಲರಿಗೂ ಶೇರ್ ಮಾಡಿ’ ಎಂದು ಬಂದರೆ ತಾರೀಖನ್ನೂ ನೋಡದೆ ಮುಂದಕ್ಕೆ ತಳ್ಳುತ್ತಾರೆ. ಊರಹಬ್ಬದ ಹಾಗೆ ಈ ವ್ಯಾನು ಆಗಾಗ ಬಂದುಹೋಗುತ್ತದೆ. ಅದರ ನಂಬರ್ ಪ್ಲೇಟನ್ನು ಮಾತ್ರ ಕಂಡವರಿಲ್ಲ.

ನಂಬಿಕೆ ಇಷ್ಟು: ಮಾನವ ಕಳ್ಳಸಾಗಣೆ ಎಂದರೆ ಯಾರೋ ಅಪರಿಚಿತ ಬಂದು ಮಗುವನ್ನು ಎತ್ತಿಕೊಂಡು ಓಡುವುದು. ಈ ನಂಬಿಕೆ ನಿರುಪದ್ರವಿಯಲ್ಲ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ‘ಮಕ್ಕಳ ಕಳ್ಳ’ ಎಂದು ಬಡಿದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಐಟಿ ಉದ್ಯೋಗಿಯೊಬ್ಬರ ಸರದಿ. ಅವರ ತಂಡ ಮಾಡಿದ್ದ ತಪ್ಪೆಂದರೆ ದಾರಿಯಲ್ಲಿ ಶಾಲೆಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು. ಕಾರು ಮುಂದಿನ ಊರು ತಲುಪುವ ಮೊದಲೇ ವಾಟ್ಸಾಪ್ ತಲುಪಿತ್ತು, ಜನ ರಸ್ತೆ ಅಡ್ಡಗಟ್ಟಿ ನಿಂತಿದ್ದರು.

ಆ ವರ್ಷ ದೇಶವನ್ನೆಲ್ಲ ಬೆಚ್ಚಿಬೀಳಿಸಿದ ವಿಡಿಯೊ ನೆನಪಿರಬಹುದು: ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅದು ಕರಾಚಿಯ ಸಂಸ್ಥೆಯೊಂದು ಮಕ್ಕಳ ಸುರಕ್ಷತೆಯ ಜಾಗೃತಿಗೆಂದು ಮಾಡಿಸಿದ ಚಿತ್ರ. ಕೊನೆಯಲ್ಲಿ ಅವರು ಮಗುವನ್ನು ಮರಳಿ ಬಿಟ್ಟು ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾವನೋ ಆ ಕೊನೆಯನ್ನು ಕತ್ತರಿಸಿದ. ಉಳಿದ ತುಂಡನ್ನು ನಾವು ನಂಬಿದೆವು. ಕಿಡ್ನಿಯ ಕಥೆಯಂತೂ ಕೇಳಲೇಬೇಡಿ. ರಕ್ತದ ಗುಂಪು ನೋಡದೆ, ಹೊಂದಿಕೆ ಪರೀಕ್ಷೆ ಇಲ್ಲದೆ, ಆಪರೇಷನ್ ಥಿಯೇಟರೂ ಇಲ್ಲದೆ ವ್ಯಾನಿನಲ್ಲೇ ಕಿಡ್ನಿ ತೆಗೆಯಬಹುದು ಎಂದು ವಿಜ್ಞಾನದ ಪದವೀಧರರೇ ನಂಬುತ್ತಾರೆ.

ಕಾನೂನು ಏನು ಹೇಳುತ್ತದೆ? ಅಪರಾಧ ಕಾನೂನಿನ ಸುಧಾರಣೆಗೆ ನೇಮಿಸಿದ್ದ ವರ್ಮಾ ಸಮಿತಿಯ ವರದಿಯ ನಂತರ 2013ರಲ್ಲಿ ಭಾರತೀಯ ದಂಡ ಸಂಹಿತೆಯ 370ನೇ ಕಲಂ ಹೊಸ ರೂಪ ಪಡೆಯಿತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ. ಶೋಷಣೆಗೆಂದು ಜನರನ್ನು ಸೇರಿಸಿಕೊಳ್ಳುವುದು, ಸಾಗಿಸುವುದು, ಇರಿಸಿಕೊಳ್ಳುವುದು, ಕೈ ಬದಲಿಸುವುದು, ಪಡೆದುಕೊಳ್ಳುವುದು ಎಲ್ಲವೂ ಅಪರಾಧ. ಅದಕ್ಕೆ ಆರು ದಾರಿಗಳನ್ನು ಕಾನೂನು ಹೆಸರಿಸಿದೆ: ಬೆದರಿಕೆ, ಬಲಪ್ರಯೋಗ, ಅಪಹರಣ, ವಂಚನೆ, ಅಧಿಕಾರದ ದುರುಪಯೋಗ, ಆಮಿಷ. ನಮ್ಮ ವ್ಯಾನು ಈ ಆರರಲ್ಲಿ ಒಂದು ಮಾತ್ರ. ಉಳಿದ ಐದಕ್ಕೆ ವಾಹನವೇ ಬೇಕಿಲ್ಲ, ಪರಿಚಯ ಸಾಕು.

ಎಚ್.ಡಿ. ಕೋಟೆ, ಹುಣಸೂರಿನ ಆದಿವಾಸಿ ಹಾಡಿಗಳಿಗೆ ಬೆಳಗಿನ ಜಾವ ಬರುವ ಜೀಪಿನ ಮೇಸ್ತ್ರಿಯನ್ನು ಎಲ್ಲರೂ ಹೆಸರು ಹಿಡಿದೇ ಕರೆಯುತ್ತಾರೆ. ಕೊಡಗಿನ ತೋಟಕ್ಕೋ ಶುಂಠಿ ಹೊಲಕ್ಕೋ ಹೋಗುವುದು ತಾನಾಗಿ ಅಪರಾಧವಲ್ಲ. ಆದರೆ ಕೊಟ್ಟ ಮುಂಗಡ ತೀರಲೇ ಇಲ್ಲ ಎಂದು ಲೈನ್‌ಮನೆಯಿಂದ ಹೊರಡಗೊಡದಿದ್ದರೆ ಅದು ಜೀತ. 1976ರಲ್ಲೇ ಕಾಯ್ದೆಯಿಂದ ರದ್ದಾದ ಜೀತ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ದೆಹಲಿಯ ಏಷ್ಯನ್ ಕ್ರೀಡಾಕೂಟದ ಕೂಲಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿತು. ಕಲಬುರಗಿಯ ಯುವಕರು ಸೆಕ್ಯುರಿಟಿ ಕೆಲಸವೆಂದು ನಂಬಿ 2023ರ ಕೊನೆಗೆ ರಷ್ಯಾಕ್ಕೆ ಹೋಗಿ ಯುದ್ಧಭೂಮಿಯಲ್ಲಿ ಸಿಕ್ಕಿಬಿದ್ದರು. ಅಂಥ ಏಜೆಂಟರ ಮೇಲೆ ಸಿಬಿಐ 2024ರ ಮಾರ್ಚ್‌ನಲ್ಲಿ ಹೂಡಿದ ಕೇಸಿನಲ್ಲಿ ಇದ್ದದ್ದು ಇದೇ 370ನೇ ಕಲಂ. ಆ ಯುವಕರನ್ನು ಯಾರೂ ಎತ್ತಿಕೊಂಡು ಹೋಗಿರಲಿಲ್ಲ, ಪಾಸ್‌ಪೋರ್ಟ್ ಹಿಡಿದು ವಿಮಾನ ಹತ್ತಿದ್ದರು.

ಇನ್ನೂ ಹತ್ತಿರದ ಮಾತು. ‘ಊರಿಂದ ಒಂದು ಹುಡುಗೀನ ಕರೆಸಿಕೊಂಡಿದೀವಿ, ಮನೆಮಗಳ ಥರಾನೇ ಇದಾಳೆ, ಓದಿಸ್ತೀವಿ’ ಎನ್ನುವವರು ಯಾವ ಬಡಾವಣೆಯಲ್ಲಿಲ್ಲ? ಹದಿನಾಲ್ಕು ತುಂಬದ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್‌ನಿಂದಲೇ ನಿಷಿದ್ಧ. ಓದಿಸುವ ಆಸೆ ತೋರಿಸಿ ಕರೆತಂದು ದುಡಿಸಿದರೆ ವಂಚನೆ ಮತ್ತು ಶೋಷಣೆ ಎರಡೂ ಸೇರುತ್ತವೆ. ಮಗುವಿನ ಸಾಗಣೆಗೆ ಕನಿಷ್ಠ ಶಿಕ್ಷೆ ಹತ್ತು ವರ್ಷ.

ಉಳಿದ ನಂಬಿಕೆಗಳನ್ನು ಬೇಗ ಮುಗಿಸುತ್ತೇನೆ. ‘ಅವರೇ ಒಪ್ಪಿ ಹೋದರಲ್ಲ’: ಸಂತ್ರಸ್ತರ ಒಪ್ಪಿಗೆ ಲೆಕ್ಕಕ್ಕಿಲ್ಲ ಎಂದು ಕಲಮಿನಲ್ಲೇ ಬರೆದಿದೆ. ‘ಗಡಿ ದಾಟಿಸಬೇಕು’: ಬೇಕಿಲ್ಲ, ಪಕ್ಕದ ಬೀದಿಯೂ ಸಾಕು. ‘ಹೆಣ್ಣುಮಕ್ಕಳಿಗೆ ಮಾತ್ರ’: ಕಲಬುರಗಿಯವರನ್ನು ಕೇಳಿ.

‘ಎಲ್ಲ ಲೈಂಗಿಕ ಕಾರ್ಯಕರ್ತೆಯರನ್ನೂ ಹಿಡಿದು ರಕ್ಷಿಸಬೇಕು’ ಎಂಬುದಕ್ಕೆ ಮಾತ್ರ ಎರಡು ಮಾತು ಹೆಚ್ಚು ಬೇಕು. 1956ರ ಅನೈತಿಕ ಸಾಗಣೆ ತಡೆ ಕಾಯ್ದೆಯಡಿ ದಾಳಿಯಲ್ಲಿ ‘ರಕ್ಷಿಸಿದ’ ವಯಸ್ಕ ಹೆಂಗಸನ್ನು ಮ್ಯಾಜಿಸ್ಟ್ರೇಟರು ಒಂದರಿಂದ ಮೂರು ವರ್ಷ ರಕ್ಷಣಾಗೃಹದಲ್ಲಿ ಇರಿಸಬಹುದು. ಅಪರಾಧಿಗೂ ಬೀಗ, ಬಲಿಪಶುವಿಗೂ ಬೀಗ. ಸ್ವಇಚ್ಛೆಯಿಂದ ಈ ಕೆಲಸದಲ್ಲಿರುವ ವಯಸ್ಕರನ್ನು ಬಂಧಿಸಬೇಡಿ, ಪೀಡಿಸಬೇಡಿ, ಮನಸ್ಸಿಲ್ಲದೆ ಗೃಹಗಳಲ್ಲಿ ಇರುವವರನ್ನು ಗುರುತಿಸಿ ಬಿಡಿ ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಬೇಕಾಯಿತು. ಮೋಸದಿಂದ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. ವಯಸ್ಕಳ ನಿಜವಾದ ಒಪ್ಪಿಗೆಯನ್ನು ಪೊಲೀಸರು ಅಳಿಸುವಂತಿಲ್ಲ. ಎರಡೂ ಒಟ್ಟಿಗೆ ನಿಜ. ಇದು ಫಾರ್ವರ್ಡ್‌ನಲ್ಲಿ ಹಿಡಿಸುವಷ್ಟು ಸಣ್ಣ ಮಾತಲ್ಲ, ಏನು ಮಾಡುವುದು!

‘ಇನ್ನೂ ಕಠಿಣ ಕಾನೂನು ಬಂದರೆ ಸರಿಹೋಗುತ್ತದೆ’ ಎನ್ನುವವರಿಗೆ: ಮುರ್ಕಿಯ ಕೊಲೆಯಾದ ಅದೇ ತಿಂಗಳು ಲೋಕಸಭೆ ಮಾನವ ಕಳ್ಳಸಾಗಣೆ ತಡೆಯ ಹೊಸ ಮಸೂದೆಯೊಂದನ್ನು ಅಂಗೀಕರಿಸಿತು. ಅದು ಮಾನವ ಹಕ್ಕುಗಳಿಗಿಂತ ಪೊಲೀಸ್ ಕ್ರಮಕ್ಕೇ ಹೆಚ್ಚು ಒತ್ತು ಕೊಡುತ್ತದೆ ಎಂದು ವಿಶ್ವಸಂಸ್ಥೆಯ ವಿಶೇಷ ವರದಿಗಾರರೇ ಆಕ್ಷೇಪಿಸಿದರು. ರಾಜ್ಯಸಭೆ ದಾಟದೆ 2019ರಲ್ಲಿ ಅದು ಬಿದ್ದುಹೋಯಿತು. ಇರುವ ಕಾನೂನನ್ನೇ ನಾವು ಓದಿಲ್ಲ.

ನಮಗೆ ಅಪರಿಚಿತನ ಮೇಲೆ ಇಷ್ಟೊಂದು ಮೋಹ ಯಾಕೆ ಎಂದರೆ, ಅವನನ್ನು ಬೈಯಲು ಖರ್ಚಿಲ್ಲ. ಬ್ರೋಕರನ್ನು, ಮೇಸ್ತ್ರಿಯನ್ನು, ಬಂಧುವನ್ನು, ಅಡುಗೆಮನೆಯಲ್ಲಿ ಹುಡುಗಿಯನ್ನಿಟ್ಟುಕೊಂಡ ಸ್ನೇಹಿತರನ್ನು ಪ್ರಶ್ನಿಸಿದರೆ ಸಂಬಂಧ ಕೆಡುತ್ತದೆ. ಹಾಗಾಗಿ ಗುರುತಿಲ್ಲದ ಭಿಕ್ಷುಕ, ಬೇರೆ ಭಾಷೆಯ ಕೂಲಿ, ಬುರ್ಖಾ ತೊಟ್ಟವಳು, ಮಂಗಳಮುಖಿ ಇವರೇ ಪ್ರತಿ ಸಲ ಕಳ್ಳರಾಗುತ್ತಾರೆ. ಮಗು ನಿಜವಾಗಿ ಕಾಣೆಯಾದರೆ ಪೊಲೀಸರು ಎಫ್‌ಐಆರ್ ದಾಖಲಿಸಲೇಬೇಕು ಎಂದು 2013ರಲ್ಲೇ ಸುಪ್ರೀಂ ಕೋರ್ಟ್ ಆದೇಶಿಸಿದೆ. ದುಡಿಯುವ ಮಗು ಕಂಡರೆ 1098ಕ್ಕೆ ಕರೆ ಮಾಡಬಹುದು. ಆ ಕರೆಗೆ ಖರ್ಚಿಲ್ಲ, ಪಕ್ಕದ ಮನೆಯವರ ಮುನಿಸೊಂದನ್ನು ತಡೆದುಕೊಳ್ಳಬೇಕಾಗುತ್ತದೆ, ಅಷ್ಟೆ.