ಐಸ್ ಹಾಕಿಯಲ್ಲಿ ದೈಹಿಕ ಪ್ರೌಢತೆ ಆಧಾರಿತ ವರ್ಗೀಕರಣ

ದೈಹಿಕ ಪ್ರೌಢತೆ ಆಧಾರಿತ ವರ್ಗೀಕರಣ ಅಥವಾ ಬಯೋ-ಬ್ಯಾಂಡಿಂಗ್ ಎಂಬುದು ಎಳೆಯ ಕ್ರೀಡಾಪಟುಗಳನ್ನು ಹುಟ್ಟಿದ ದಿನಾಂಕದ ಬದಲು ದೇಹದ ಬೆಳವಣಿಗೆಯ ಹಂತಕ್ಕನುಗುಣವಾಗಿ ಗುಂಪುಗಳನ್ನಾಗಿ ವಿಂಗಡಿಸುವ ಪದ್ಧತಿ. ಇದು ಹೆಚ್ಚಾಗಿ ಫುಟ್‌ಬಾಲ್ ತರಬೇತಿಯಲ್ಲಿ ಬಳಕೆಗೆ ಬಂದಿದೆ. ಆಟಗಾರರು ಪರಸ್ಪರ ಮೈತಾಗಿಸಿ ಆಡುವ ಐಸ್ ಹಾಕಿಯಲ್ಲಿಯೂ ಇದರ ಉಪಯುಕ್ತತೆ ಚರ್ಚೆಯಲ್ಲಿದೆ.

ಹಿನ್ನೆಲೆ

ಕೆನಡಾದಲ್ಲಿ ಮಕ್ಕಳ ಐಸ್ ಹಾಕಿಯನ್ನು 13 ವರ್ಷದೊಳಗಿನವರು, 15 ವರ್ಷದೊಳಗಿನವರು ಎಂಬಂತೆ ವಯೋಮಾನದ ವರ್ಗಗಳಲ್ಲಿ ಆಡಿಸಲಾಗುತ್ತದೆ. ಸಾಮಾನ್ಯವಾಗಿ ಒಂದು ವರ್ಗದಲ್ಲಿ ಎರಡು ಕ್ಯಾಲೆಂಡರ್ ವರ್ಷಗಳಲ್ಲಿ ಹುಟ್ಟಿದವರು ಸೇರುತ್ತಾರೆ. ಆದ್ದರಿಂದ ಒಂದೇ ತಂಡದ ಇಬ್ಬರ ನಡುವೆ ಸುಮಾರು 24 ತಿಂಗಳ ಅಂತರವಿರುವುದು ಸಾಧ್ಯ.

ಒಂದೇ ದಿನ ಹುಟ್ಟಿದ ಮಕ್ಕಳೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಎತ್ತರ ಅತಿ ವೇಗವಾಗಿ ಹೆಚ್ಚುವ ಕಾಲ ಹುಡುಗಿಯರಲ್ಲಿ ಸರಾಸರಿ 12ನೆಯ ವಯಸ್ಸಿನಲ್ಲಿ, ಹುಡುಗರಲ್ಲಿ ಸರಾಸರಿ 14ನೆಯ ವಯಸ್ಸಿನಲ್ಲಿ ಬರುತ್ತದೆ. ಕೆಲವರಲ್ಲಿ ಇದು ಒಂದೆರಡು ವರ್ಷ ಮುಂಚೆ, ಇನ್ನು ಕೆಲವರಲ್ಲಿ ಅಷ್ಟೇ ತಡವಾಗಿ ಕಾಣಿಸಿಕೊಳ್ಳುತ್ತದೆ. ಹೀಗಾಗಿ 13 ವರ್ಷದ ಇಬ್ಬರು ಹುಡುಗರಲ್ಲಿ ಒಬ್ಬನು ಯುವಕನಂತೆಯೂ ಇನ್ನೊಬ್ಬನು ಬಾಲಕನಂತೆಯೂ ಕಾಣುವುದು ಅಪರೂಪವಲ್ಲ.

ಹುಟ್ಟಿದ ತಿಂಗಳು ಮತ್ತು ಪ್ರೌಢತೆ

ಕೆನಡಾದ ಹಾಕಿಯಲ್ಲಿ ವಯಸ್ಸನ್ನು ಕ್ಯಾಲೆಂಡರ್ ವರ್ಷದಂತೆ ಲೆಕ್ಕ ಹಾಕುವುದರಿಂದ ಜನವರಿಯಲ್ಲಿ ಹುಟ್ಟಿದ ಮಗು ಡಿಸೆಂಬರ್‌ನಲ್ಲಿ ಹುಟ್ಟಿದ ಮಗುವಿಗಿಂತ ಸುಮಾರು ಒಂದು ವರ್ಷ ಹಿರಿದಾಗಿರುತ್ತದೆ. ಉನ್ನತ ಮಟ್ಟದ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು ಎಂಬುದನ್ನು ರೋಜರ್ ಬಾರ್ನ್ಸ್ಲಿ ಮತ್ತು ಸಂಗಡಿಗರು 1985ರಲ್ಲಿ ತೋರಿಸಿದರು. ಇದನ್ನು 'ಸಾಪೇಕ್ಷ ವಯಸ್ಸಿನ ಪರಿಣಾಮ' ಎನ್ನುತ್ತಾರೆ.

ಈ ಪರಿಣಾಮವೂ ದೈಹಿಕ ಪ್ರೌಢತೆಯೂ ಒಂದೇ ಅಲ್ಲ. ಜನವರಿಯಲ್ಲಿ ಹುಟ್ಟಿದ ಹುಡುಗ ತಡವಾಗಿ ಬೆಳೆಯಬಹುದು. ಡಿಸೆಂಬರ್‌ನಲ್ಲಿ ಹುಟ್ಟಿದವನು ಬೇಗ ಬೆಳೆಯಬಹುದು. ಆದ್ದರಿಂದ ವಯೋಮಿತಿಯ ದಿನಾಂಕವನ್ನು ಬದಲಿಸಿದ ಮಾತ್ರಕ್ಕೆ ಪ್ರೌಢತೆಯ ಅಂತರ ನಿವಾರಣೆಯಾಗುವುದಿಲ್ಲ.

ಅಳೆಯುವ ವಿಧಾನ

ದೇಹದ ವಯಸ್ಸು ಬೇರೆ, ವರ್ಷಗಳ ಎಣಿಕೆ ಬೇರೆ ಎಂಬ ವಿಚಾರ ಹಳೆಯದು. ಅಮೆರಿಕದ ವೈದ್ಯ ಸಿ. ವಾರ್ಡ್ ಕ್ರ್ಯಾಂಪ್ಟನ್ 1908ರಲ್ಲಿಯೇ 'ಶಾರೀರಿಕ ವಯಸ್ಸು' ಎಂಬ ಪರಿಕಲ್ಪನೆಯನ್ನು ಮಂಡಿಸಿದ್ದರು. ಎಡಗೈ ಮತ್ತು ಮಣಿಕಟ್ಟಿನ ಎಕ್ಸ್-ರೇಯಿಂದ ಮೂಳೆಯ ವಯಸ್ಸನ್ನು ತಿಳಿಯುವುದು ಒಂದು ವಿಧಾನ. ಕ್ರೀಡಾ ತರಬೇತಿಯಲ್ಲಿ 1994ರಲ್ಲಿ ಪ್ರಕಟವಾದ ಖಾಮಿಸ್-ರೋಶ್ ವಿಧಾನ ಹೆಚ್ಚು ಬಳಕೆಯಲ್ಲಿದೆ. ಇದರಲ್ಲಿ ಮಗುವಿನ ವಯಸ್ಸು, ಎತ್ತರ, ತೂಕ ಹಾಗೂ ತಂದೆತಾಯಿಯರ ಸರಾಸರಿ ಎತ್ತರಗಳಿಂದ ವಯಸ್ಕ ಎತ್ತರವನ್ನು ಅಂದಾಜಿಸಿ, ಅದರಲ್ಲಿ ಶೇಕಡಾ ಎಷ್ಟನ್ನು ಮಗು ಈಗಾಗಲೇ ತಲುಪಿದೆ ಎಂದು ಲೆಕ್ಕ ಹಾಕುತ್ತಾರೆ.

ಉದಾಹರಣೆಗೆ, 12 ವರ್ಷದ ಹುಡುಗನ ಎತ್ತರ 154 ಸೆಂ.ಮೀ., ಅಂದಾಜು ವಯಸ್ಕ ಎತ್ತರ 176 ಸೆಂ.ಮೀ. ಎಂದಾದರೆ ಅವನು ಶೇ. 87.5ರಷ್ಟು ಬೆಳೆದಿದ್ದಾನೆ. 14 ವರ್ಷದ ಇನ್ನೊಬ್ಬನ ಎತ್ತರ 156 ಸೆಂ.ಮೀ., ಅಂದಾಜು 180 ಸೆಂ.ಮೀ. ಎಂದಾದರೆ ಅವನ ಪ್ರಮಾಣ ಶೇ. 86.7. ವಯಸ್ಸಿನಲ್ಲಿ ಎರಡು ವರ್ಷಗಳ ಅಂತರವಿದ್ದರೂ ಇಬ್ಬರೂ ಶೇ. 85ರಿಂದ 90ರ ಗುಂಪಿಗೆ ಸೇರುತ್ತಾರೆ.

ಸುರಕ್ಷತೆ

ಎದುರಾಳಿಯನ್ನು ಭುಜ ಅಥವಾ ಸೊಂಟದಿಂದ ತಳ್ಳಿ ಪಕ್‌ನಿಂದ ಬೇರ್ಪಡಿಸುವುದಕ್ಕೆ ಬಾಡಿ ಚೆಕಿಂಗ್ ಎಂದು ಹೆಸರು. ವೇಗವಾಗಿ ಜಾರುತ್ತಿರುವಾಗ ತೂಕದ ವ್ಯತ್ಯಾಸವು ಪೆಟ್ಟಿನ ತೀವ್ರತೆಯನ್ನು ಹೆಚ್ಚಿಸುತ್ತದೆ. 11–12 ವರ್ಷದ ಮಕ್ಕಳಿಗೆ ಚೆಕಿಂಗ್‌ಗೆ ಅವಕಾಶವಿದ್ದ ಆಲ್ಬರ್ಟಾ ಪ್ರಾಂತ್ಯವನ್ನು ಅವಕಾಶವಿಲ್ಲದ ಕ್ವಿಬೆಕ್‌ನೊಂದಿಗೆ ಹೋಲಿಸಿದ 2010ರ ಅಧ್ಯಯನದಲ್ಲಿ, ಆಲ್ಬರ್ಟಾದ ಮಕ್ಕಳಿಗೆ ಆಟದಲ್ಲಿ ಗಾಯವಾಗುವ ಹಾಗೂ ಮಿದುಳಿಗೆ ಆಘಾತವಾಗುವ ಅಪಾಯ ಮೂರು ಪಟ್ಟಿಗಿಂತ ಹೆಚ್ಚು ಎಂದು ಕಂಡುಬಂತು. ಅಮೆರಿಕವು 2011ರಲ್ಲಿ, ಕೆನಡಾ 2013ರಲ್ಲಿ ಈ ವಯಸ್ಸಿನವರ ಆಟದಲ್ಲಿ ಚೆಕಿಂಗನ್ನು ನಿಷೇಧಿಸಿದವು. ಆದರೆ ಮುಂದಿನ ವರ್ಗದಲ್ಲಿ, ಬೆಳವಣಿಗೆಯ ಅಂತರ ಅತಿ ಹೆಚ್ಚಾಗಿರುವ 13–14ರ ವಯಸ್ಸಿನಲ್ಲಿ, ಚೆಕಿಂಗ್ ಇರುವ ತಂಡಗಳಲ್ಲಿ ಈ ಪ್ರಶ್ನೆ ಮತ್ತೆ ಎದುರಾಗುತ್ತದೆ.

ಅನುಭವ ಮತ್ತು ಪ್ರಯೋಜನ

ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಶಾನ್ ಕಮಿಂಗ್ ಮತ್ತು ಸಂಗಡಿಗರು ಫುಟ್‌ಬಾಲ್ ಅಕಾಡೆಮಿಗಳ 11ರಿಂದ 14 ವರ್ಷದ ಹುಡುಗರಿಗಾಗಿ ನಡೆದ ಇಂತಹ ಪಂದ್ಯಾವಳಿಯನ್ನು ಅಧ್ಯಯನ ಮಾಡಿದರು. ಬೇಗ ಬೆಳೆದವರು ಕೇವಲ ಬಲವನ್ನು ನೆಚ್ಚದೆ ಕೌಶಲ ಮತ್ತು ಹೊಂದಾಣಿಕೆಯನ್ನು ಬಳಸಬೇಕಾಯಿತು. ತಡವಾಗಿ ಬೆಳೆಯುವವರಿಗೆ ತಮ್ಮ ಕೌಶಲವನ್ನು ತೋರಿಸಲು ಹೆಚ್ಚಿನ ಅವಕಾಶ ದೊರೆಯಿತು. ಎಳವೆಯಲ್ಲಿ ಗಾತ್ರದ ಕಾರಣದಿಂದ ಆಯ್ಕೆಯಾಗದವರು ಆಟವನ್ನೇ ಬಿಟ್ಟರೆ ಮುಂದೆ ದೇಹ ಬೆಳೆದರೂ ಅವರ ಪ್ರತಿಭೆ ಬೆಳಕಿಗೆ ಬರುವುದಿಲ್ಲ ಎಂಬುದು ಈ ಪದ್ಧತಿಯ ಪರವಾದ ಮುಖ್ಯ ವಾದ.

ಮಿತಿಗಳು

ಖಾಮಿಸ್-ರೋಶ್ ಸೂತ್ರವು ಅಮೆರಿಕದ ಬಿಳಿಯ ಮಕ್ಕಳ ಅಳತೆಗಳನ್ನು ಆಧರಿಸಿರುವುದರಿಂದ ಇತರ ಜನಸಮುದಾಯಗಳಿಗೆ ಅನ್ವಯಿಸುವಾಗ ಎಚ್ಚರ ಅಗತ್ಯ. ತಂದೆತಾಯಿಯರ ಎತ್ತರವನ್ನು ತಪ್ಪಾಗಿ ತಿಳಿಸಿದರೆ ಫಲಿತಾಂಶವೂ ತಪ್ಪುತ್ತದೆ. ದೇಹ ಬೆಳೆದ ಮಾತ್ರಕ್ಕೆ ಮನಸ್ಸು ಬೆಳೆದಿರುವುದಿಲ್ಲ. ತನಗಿಂತ ಹಿರಿಯರ ನಡುವೆ ಆಡುವ ಮಗು ಏಕಾಂಗಿಯಾಗಬಹುದು. ಕಿರಿಯರೊಂದಿಗೆ ಆಡುವುದನ್ನು ಹಿಂಬಡ್ತಿ ಎಂದು ಭಾವಿಸುವವರೂ ಉಂಟು. ಒಂದೇ ಗುಂಪಿನಲ್ಲಿಯೂ ತೂಕದ ವ್ಯತ್ಯಾಸ ಉಳಿಯುವುದರಿಂದ ಗಾಯದ ಭಯ ಪೂರ್ಣವಾಗಿ ನೀಗುವುದಿಲ್ಲ.

ಈ ಕಾರಣಗಳಿಂದ ಬಯೋ-ಬ್ಯಾಂಡಿಂಗನ್ನು ವಯೋಮಾನದ ವರ್ಗಗಳಿಗೆ ಪರ್ಯಾಯವೆಂದಲ್ಲ, ಪೂರಕವೆಂದು ಪರಿಗಣಿಸಲಾಗುತ್ತದೆ. ಐಸ್ ಹಾಕಿಯ ಅಧಿಕೃತ ವರ್ಗಗಳು ಈಗಲೂ ವಯಸ್ಸನ್ನೇ ಆಧರಿಸಿವೆ.