ರಿಪೋರ್ಟಿನಲ್ಲಿ ಕಾಣದ ಹೊಟ್ಟೆನೋವು

ಹೊಟ್ಟೆನೋವಿಗೆ ನಮ್ಮ ಕಡೆ ಇರುವುದು ಎರಡೇ ಹೆಸರು. ಒಂದು ಗ್ಯಾಸ್ಟ್ರಿಕ್, ಇನ್ನೊಂದು ನಾಟಕ! ಓಮದ ನೀರು, ಮಜ್ಜಿಗೆ, ಮೆಡಿಕಲ್ ಶಾಪಿನ ಮಾತ್ರೆ ಇಷ್ಟರಲ್ಲಿ ಗುಣವಾದರೆ ಮೊದಲನೆಯದು. ಆಗದಿದ್ದರೆ ಎರಡನೆಯದೆಂದು ಮನೆಯವರೇ ತೀರ್ಪು ಕೊಟ್ಟುಬಿಡುತ್ತಾರೆ. ಆದರೆ ಇವೆರಡೂ ಅಲ್ಲದ ಮೂರನೆಯ ನೋವೊಂದಿದೆ.

ಸಿಸೇರಿಯನ್ ಆಗಿರುತ್ತದೆ, ಅಪೆಂಡಿಕ್ಸ್ ತೆಗೆದಿರುತ್ತಾರೆ, ಗರ್ಭಕೋಶದ ಆಪರೇಷನ್ ಆಗಿರುತ್ತದೆ. ಹೊರಗಿನ ಗಾಯ ಒಣಗಿ ವರ್ಷಗಳೇ ಸಂದಿರುತ್ತವೆ. ಒಳಗಿನ ಕತೆಯೇ ಬೇರೆ. ಕರುಳು, ಗರ್ಭಕೋಶಗಳ ಮೇಲೆ ನುಣುಪಾದ ತೆಳು ಪೊರೆಯುಂಟು. ಕತ್ತರಿ ತಾಗಿದಲ್ಲಿ, ಸೋಂಕಾದಲ್ಲಿ ಆ ಪೊರೆ ಮಾಯುವಾಗ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಹಲಸಿನ ಹಣ್ಣು ಬಿಡಿಸಿದ ಬೆರಳುಗಳ ಹಾಗೆ. ವೈದ್ಯರು ಇದನ್ನು ಅಡ್ಹೀಷನ್ ಎನ್ನುತ್ತಾರೆ. ಹೊಟ್ಟೆ ಕೊಯ್ಸಿಕೊಂಡವರಲ್ಲಿ ಬಹುಪಾಲು ಮಂದಿಗೆ ಸ್ವಲ್ಪವಾದರೂ ಅಂಟು ಇದ್ದೇ ಇರುತ್ತದೆ. ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಕೆಲವರಿಗೆ ಮಾತ್ರ ಕಿಬ್ಬೊಟ್ಟೆ ಎಳೆದ ಹಾಗೆ, ಚುಚ್ಚಿದ ಹಾಗೆ ನೋವು. ಆಪರೇಷನ್ನೇ ಆಗದವರಿಗೂ ಹೊಟ್ಟೆಯ ಕ್ಷಯ, ಎಂಡೊಮೆಟ್ರಿಯೋಸಿಸ್, ಗರ್ಭನಾಳದ ಸೋಂಕಿನಿಂದ ಇದು ಬರಬಹುದು.

ಕಷ್ಟವೇನೆಂದರೆ ಈ ಅಂಟು ಸ್ಕ್ಯಾನಿಂಗಿನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. “ರಿಪೋರ್ಟಿನಲ್ಲಿ ಎಂತದ್ದೂ ಇಲ್ಲ ಮಾರಾಯ್ತಿ” ಎಂದು ಗಂಡ ಹೇಳಿದರೆ, ಅದು ರಿಪೋರ್ಟಿನ ಮಾತು. ಹೊಟ್ಟೆಯ ಮಾತನ್ನು ಹೊಟ್ಟೆಯ ಯಜಮಾನಿಯನ್ನೇ ಕೇಳಬೇಕು.

ಹಾಗಾದರೆ ಇನ್ನೊಮ್ಮೆ ಕೊಯ್ದು ಬಿಡಿಸಿದರಾಗದೇ? ಪೇಚು ಇರುವುದೇ ಇಲ್ಲಿ. ಬಿಡಿಸಿದ ಕತ್ತರಿಯೇ ಹೊಸ ಅಂಟಿಗೆ ದಾರಿ ಮಾಡುತ್ತದೆ. ಹಾಲೆಂಡಿನ ವೈದ್ಯರು ಇಂಥ ನೋವಿನ 100 ಮಂದಿಗೆ ಹೊಟ್ಟೆಯೊಳಗೆ ಕ್ಯಾಮರಾ ಹಾಕಿ ನೋಡಿದರು. ಸುಮಾರು ಅರ್ಧ ಮಂದಿಗೆ ಅಂಟು ಬಿಡಿಸಿದರು, ಉಳಿದವರಿಗೆ ಹಾಗೆಯೇ ಬಿಟ್ಟರು. ಒಂದು ವರ್ಷದ ಬಳಿಕ ಎರಡೂ ಗುಂಪಿನವರ ನೋವು ಒಂದೇ ತೆರನಾಗಿ ತಗ್ಗಿತ್ತು! ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದು ಪ್ರಕಟವಾದದ್ದು 2003ರಲ್ಲಿ. ಗರ್ಭಕೋಶವನ್ನೇ ತೆಗೆಸಿಬಿಡುವ ಆತುರವೂ ಬೇಡ. ಅನಗತ್ಯ ಗರ್ಭಕೋಶ ಆಪರೇಷನ್ ತಡೆಯುವ ಮಾರ್ಗಸೂಚಿ ಜಾರಿಗೆ ತನ್ನಿ ಎಂದು 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಿದೆ.

ಮತ್ತೆ ಮಾಡುವುದೇನು? ಬೀಡಿ ಕಟ್ಟುವವರು, ಅಡಿಕೆ ಸುಲಿಯುವವರು ಒಂದೇ ಭಂಗಿಯಲ್ಲಿ ಕೂರದೆ ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕಲಿ. ಒಮ್ಮೆಲೇ ಹೊಟ್ಟೆ ಬಿರಿಯ ಉಣ್ಣುವುದು ಬೇಡ. ನೋವು ಬಂದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹಳೆಯ ಆಪರೇಷನ್ನಿನ ಡಿಸ್ಚಾರ್ಜ್ ಚೀಟಿ ಜೋಪಾನ. ಪುತ್ತೂರಿನ ಸರಕಾರಿ ಆಸ್ಪತ್ರೆಗಾಗಲಿ, ಸುಳ್ಯದ ಕೆ.ವಿ.ಜಿ. ಮೆಡಿಕಲ್ ಕಾಲೇಜಿಗಾಗಲಿ, ಮಂಗಳೂರಿನ ಲೇಡಿಗೋಷನ್‌ಗಾಗಲಿ ಹೋಗುವಾಗ ಇವೆರಡೂ ಚೀಲದಲ್ಲಿರಲಿ.

ಆದರೆ ಒಂದು ಸಂದರ್ಭದಲ್ಲಿ ಕಾಯಲೇಬಾರದು. ಹೊಟ್ಟೆ ಉಬ್ಬಿ, ನೋವು ಬಿಟ್ಟು ಬಿಟ್ಟು ಹಿಂಡಿ, ವಾಂತಿಯಾಗಿ, ಗಾಳಿಯೂ ಮಲವೂ ಹೋಗದಿದ್ದರೆ ಅಂಟಿನಲ್ಲಿ ಕರುಳು ಸಿಕ್ಕಿಕೊಂಡಿರಬಹುದು. ಇದು ಪ್ರಾಣಕ್ಕೇ ಸಂಚಕಾರ. ಭೇದಿಮದ್ದು ಕುಡಿಸಬೇಡಿ. ಕಡಬದ ಒಳಹಳ್ಳಿಯಾದರೂ ಸರಿ, “ಬೆಳಗ್ಗಿನ ಬಸ್ಸಿಗೆ ಹೋದರಾಯ್ತು” ಎನ್ನಬೇಡಿ. ಆ ಕ್ಷಣವೇ 108ಕ್ಕೆ ಫೋನ್ ಮಾಡಿ.

ಇನ್ನು ನಮ್ಮ ನಿಮ್ಮ ಪಾಲಿನದು. 2023ರ ಜೂನಿನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡು ಕೊಡಲಿಕ್ಕಿಲ್ಲ, ಒಳ್ಳೆಯದಾಯ್ತು. ಸೀಟು? ಸುಳ್ಯದಿಂದ ಮಂಗಳೂರಿಗೆ 80 ಕಿಲೋಮೀಟರಿಗೂ ಹೆಚ್ಚು ದಾರಿ. ಕಿಬ್ಬೊಟ್ಟೆ ಅದುಮಿಕೊಂಡು ಕಂಬಿ ಹಿಡಿದು ನಿಂತವಳ ಪ್ರಾಯ ಲೆಕ್ಕ ಹಾಕುತ್ತಾ ಕೂರಬೇಡಿ, ಎದ್ದು ಜಾಗ ಕೊಡಿ. ಅಂಗಡಿಯ ಧಣಿಗಳೇ, ದಿನವಿಡೀ ನಿಂತೇ ಸೀರೆ ಬಿಡಿಸುವ ಹುಡುಗಿಗೊಂದು ಸ್ಟೂಲು ಹಾಕಿಸಿ. ಅಂಟು ಬಿಡಿಸುವುದು ನಮ್ಮಿಂದಾಗದು. ನೋವನ್ನು ನಂಬುವುದಕ್ಕೆ ಯಾವ ಸ್ಕ್ಯಾನಿಂಗೂ ಬೇಡ.