ಆಧುನಿಕ ಸ್ಪೇನಿನ ಚಿತ್ರ, ಶಿಲ್ಪ, ವಾಸ್ತು

ಆಧುನಿಕ ಚಿತ್ರವೊಂದರ ಮುಂದೆ ನಿಂತ ಪ್ರೇಕ್ಷಕನ ಮನಸ್ಸಿನಲ್ಲಿ ಮೊದಲು ಹುಟ್ಟುವ ಸಂದೇಹ ಒಂದೇ: ಇದನ್ನು ಬರೆದವನಿಗೆ ನೆಟ್ಟಗೆ ಬರೆಯಲು ಬರುತ್ತಿದ್ದಿತೇ? ಮೂಗು ಒಂದು ಕಡೆ, ಕಣ್ಣು ಇನ್ನೊಂದು ಕಡೆ. ಕೈಗೆ ಕೈಯ ಅಳತೆಯಿಲ್ಲ, ಮುಖಕ್ಕೆ ಮುಖದ ಲಕ್ಷಣವಿಲ್ಲ. ಈ ಸಂದೇಹವನ್ನು ಅಜ್ಞಾನವೆಂದು ನಕ್ಕು ತಳ್ಳಿಹಾಕತಕ್ಕದ್ದಲ್ಲ. ವಿದ್ಯೆಯನ್ನು ಗುರುಮುಖದಿಂದ, ಕ್ರಮವರಿತು ಕಲಿತವರಿಗೆ ಇದು ಸಹಜವಾದುದೇ. ಇದಕ್ಕೆ ಸಮಾಧಾನವನ್ನು ಅರಸುವವರು ಯೂರೋಪಿನ ದೇಶಗಳಲ್ಲಿ ವಿಶೇಷವಾಗಿ ಸ್ಪೇನಿನ ಕಡೆಗೆ ನೋಡಬೇಕು. ಏಕೆಂದರೆ ಕಲೆಯ ಹಳೆಯ ಕಟ್ಟುಗಳನ್ನು ಮುರಿದವರಲ್ಲಿ ಹಲವರು ಆ ದೇಶದವರು. ಆ ಕಟ್ಟುಗಳನ್ನು ಚೆನ್ನಾಗಿ ಕಲಿತ ಮೇಲೆಯೇ ಮುರಿದವರು.

ಸ್ಪೇನಿನಲ್ಲಿ ಹೊಸ ಕಾಲದ ಕಲೆಗೆ ಬಾಗಿಲು ತೆರೆದವನು ಫ್ರಾನ್ಸಿಸ್ಕೋ ಗೋಯಾ (೧೭೪೬–೧೮೨೮). ಅವನು ರಾಜಾಸ್ಥಾನದ ಚಿತ್ರಕಾರ. ರಾಜರಾಣಿಯರ ಭಾವಚಿತ್ರಗಳಿಂದ ಕೀರ್ತಿ ಪಡೆದವನು. ಸುಮಾರು ನಲವತ್ತಾರರ ಪ್ರಾಯದಲ್ಲಿ ಬಂದ ಘೋರವಾದ ಕಾಯಿಲೆಯೊಂದು ಅವನನ್ನು ಕಿವುಡನನ್ನಾಗಿ ಮಾಡಿತು. ೧೮೦೮ರ ಮೇ ೨ರಂದು ಮ್ಯಾಡ್ರಿಡ್ ನಗರದ ಪ್ರಜೆಗಳು ನೆಪೋಲಿಯನ್ನನ ಸೇನೆಯ ವಿರುದ್ಧ ದಂಗೆಯೆದ್ದರು. ಸೆರೆಸಿಕ್ಕವರನ್ನು ಮರುದಿನ ಸಾಲಾಗಿ ನಿಲ್ಲಿಸಿ ಗುಂಡಿಕ್ಕಲಾಯಿತು. ೧೮೧೪ರಲ್ಲಿ ಗೋಯಾ ಈ ವಧೆಯನ್ನು ಚಿತ್ರಿಸಿದನು. ಅದುವರೆಗಿನ ಯುದ್ಧಚಿತ್ರಗಳಲ್ಲಿ ಸಾಮಾನ್ಯವಾಗಿ ಗೆದ್ದವನೇ ನಾಯಕ. ಇಲ್ಲಿ ನಾಯಕನೆಂದರೆ ಬಿಳಿಯ ಅಂಗಿ ತೊಟ್ಟು, ಎರಡೂ ಕೈಗಳನ್ನು ಚಾಚಿ, ಬಂದೂಕುಗಳ ಮುಂದೆ ಮೊಣಕಾಲೂರಿದ ಹೆಸರಿಲ್ಲದ ಒಬ್ಬ ಬಡವ. ನೆಲದ ಮೇಲಿರಿಸಿದ ಲಾಂದ್ರದ ಬೆಳಕು ಅವನ ಮೇಲೆ ಬಿದ್ದಿದೆ. ಸೈನಿಕರ ಮುಖಗಳು ನಮಗೆ ಕಾಣಿಸವು. ಮ್ಯಾಡ್ರಿಡ್ಡಿನ ಪ್ರಾದೋ ವಸ್ತುಸಂಗ್ರಹಾಲಯದಲ್ಲಿರುವ ಈ ಚಿತ್ರದಿಂದ, ಸೋತವನ ಸಂಕಟವೂ ಮಹಾಕಲೆಗೆ ವಸ್ತುವಾಗಬಲ್ಲುದೆಂಬುದು ಸಿದ್ಧವಾಯಿತು. ಯುದ್ಧದ ಅನಾಹುತಗಳನ್ನು ಕುರಿತು ಅವನು ಕೊರೆದ ಮುದ್ರಣಚಿತ್ರಗಳ ಮಾಲೆ ಬೆಳಕು ಕಂಡದ್ದು ಅವನು ತೀರಿಕೊಂಡ ಮೂವತ್ತೈದು ವರ್ಷಗಳ ಮೇಲೆ, ೧೮೬೩ರಲ್ಲಿ.

ಆ ಶತಮಾನದ ಉತ್ತರಾರ್ಧದಲ್ಲಿ ಹೊಸತನದ ಕೇಂದ್ರ ಕ್ಯಾಟಲೋನಿಯಾ ಪ್ರಾಂತಕ್ಕೆ ಸರಿಯಿತು. ನೂಲಿನ ಗಿರಣಿಗಳಿಂದ ಸಿರಿವಂತವಾದ ಬಾರ್ಸಿಲೋನಾ ನಗರ ತನ್ನ ಹಳೆಯ ಕೋಟೆಗೋಡೆಗಳನ್ನು ಕೆಡವಿ ಹೊರಗೆ ಚಾಚಿಕೊಂಡಿತು. ಇಲ್ದೆಫೋನ್ಸ್ ಸೆರ್ದಾ ಎಂಬ ಎಂಜಿನಿಯರನು ೧೮೫೯ರಲ್ಲಿ ರೂಪಿಸಿದ ಯೋಜನೆಯಂತೆ ಚೌಕಾಕಾರದ ಹೊಸ ಬಡಾವಣೆಗಳು ಎದ್ದವು. ಅಲ್ಲಿ ಬೆಳೆದ ವಾಸ್ತುಪಂಥಕ್ಕೆ 'ಮೋಡರ್ನಿಸ್ಮೆ' ಎಂದು ಹೆಸರು. ಹೆಸರು ಹೊಸತನದ್ದಾದರೂ ಅದರ ಬಲವೆಲ್ಲ ಹಳೆಯ ಕಸುಬುಗಳದು: ಇಟ್ಟಿಗೆ, ಕಮ್ಮಾರಿಕೆ, ಬಣ್ಣದ ಗಾಜು, ಹೊಳಪಿನ ಹಂಚು. ಲ್ಯುಯಿಸ್ ಡೊಮೆನೆಕ್ ೧೯೦೫ರಿಂದ ೧೯೦೮ರವರೆಗೆ ಕಟ್ಟಿಸಿದ ಕ್ಯಾಟಲನ್ ಸಂಗೀತಭವನ ಈ ಕಸುಬುಗಳೆಲ್ಲ ಒಂದುಗೂಡಿದ ಸಭಾಂಗಣ.

ಈ ಪಂಥದ ಶಿಖರಪ್ರಾಯನು ಆಂಟೋನಿ ಗೌಡಿ (೧೮೫೨–೧೯೨೬). ಅವನದು ತಾಮ್ರದ ಪಾತ್ರೆಗಳನ್ನು ಬಡಿಯುವ ಮನೆತನ. ತೆಳುವಾದ ತಗಡು ಬಾಗಿದಾಗ ಗಟ್ಟಿಯಾಗುವುದನ್ನು ಅವನು ಬಾಲ್ಯದಲ್ಲೇ ಕಂಡಿದ್ದನು. ಕಮಾನುಗಳ ಆಕಾರವನ್ನು ನಿಶ್ಚಯಿಸಲು ಅವನು ಅನುಸರಿಸಿದ ಉಪಾಯ ಗಮನಾರ್ಹವಾದುದು. ಚಾವಣಿಯಿಂದ ದಾರಗಳನ್ನು ತೂಗುಬಿಟ್ಟು, ಕಟ್ಟಡದ ಭಾರಕ್ಕೆ ಅನುಗುಣವಾಗಿ ಅವುಗಳಿಗೆ ಸೀಸದ ಗುಂಡುಗಳ ಸಣ್ಣ ಚೀಲಗಳನ್ನು ಕಟ್ಟುತ್ತಿದ್ದನು. ತೂಗುವ ದಾರದಲ್ಲಿ ಎಳೆತವಲ್ಲದೆ ಬೇರೊಂದು ಬಲವಿಲ್ಲ. ಅದೇ ಆಕಾರವನ್ನು ತಲೆಕೆಳಗು ಮಾಡಿ ಕಲ್ಲಿನಲ್ಲಿ ಕಟ್ಟಿದರೆ ಎಳೆತವೆಲ್ಲ ಒತ್ತಡವಾಗುತ್ತದೆ. ಕಲ್ಲು ಸಹಿಸಬಲ್ಲುದು ಒತ್ತಡವನ್ನೇ. ಹೀಗಾಗಿ ಬಾಗಿದಂತೆ, ಬಳುಕಿದಂತೆ ಕಾಣುವ ಅವನ ಕಂಬ ಕಮಾನುಗಳು ಚಿತ್ತಚಾಂಚಲ್ಯದ ಫಲವಲ್ಲ, ಭಾರದ ಲೆಕ್ಕಾಚಾರದ ಫಲ.

ಸಾಗ್ರಾದಾ ಫಮೀಲಿಯಾ ಎಂಬ ಮಹಾದೇವಾಲಯದ ಕೆಲಸ ೧೮೮೨ರಲ್ಲಿ ಆರಂಭವಾಗಿ, ಮರುವರ್ಷ ಗೌಡಿಯ ಕೈಗೆ ಬಂದಿತು. ಭಕ್ತರು ಕೊಟ್ಟ ಕಾಣಿಕೆಗಳಿಂದಲೇ ಕಟ್ಟಬೇಕೆಂಬುದು ಅದರ ಮೂಲ ಸಂಕಲ್ಪ. ಹಣ ಬಂದಷ್ಟು ಕಟ್ಟುವುದು, ಬಾರದಿದ್ದಾಗ ಕಾಯುವುದು. ೧೯೨೬ರ ಜೂನಿನಲ್ಲಿ ಟ್ರಾಮ್ ಗಾಡಿ ಬಡಿದು ಗೌಡಿ ಮೂರು ದಿನಗಳ ಬಳಿಕ ತೀರಿಕೊಂಡನು. ಉಡುಪು ಅಷ್ಟು ಸಾಧಾರಣವಾಗಿದ್ದುದರಿಂದ ಬಿದ್ದವನು ಯಾರೆಂಬುದು ಮೊದಲು ಯಾರಿಗೂ ತಿಳಿಯಲಿಲ್ಲ. ೧೯೩೬ರಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಅವನ ಕಮ್ಮಟ ಬೆಂಕಿಗೆ ಆಹುತಿಯಾಯಿತು, ಗಾರೆಯ ಮಾದರಿಗಳು ಚೂರುಚೂರಾದವು. ಆ ಚೂರುಗಳನ್ನು ಆಯ್ದು, ಜೋಡಿಸಿ, ಅದರಿಂದ ಅವನ ಇಂಗಿತವನ್ನು ಓದಿಕೊಂಡು ಶಿಷ್ಯರು ಕೆಲಸವನ್ನು ಮುಂದುವರಿಸಿದರು. ೨೦೧೦ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ಅದನ್ನು ಪ್ರತಿಷ್ಠಾಪಿಸಿದರು. ೨೦೨೫ರಲ್ಲಿ ಅದು ಜಗತ್ತಿನ ಚರ್ಚುಗಳಲ್ಲೆಲ್ಲ ಅತ್ಯಂತ ಎತ್ತರವಾದುದೆನಿಸಿತು.

ಚಿತ್ರಕಲೆಯಲ್ಲಿ ಮೊದಲ ಸಂದೇಹಕ್ಕೆ ನೇರವಾದ ಉತ್ತರ ದೊರೆಯುವುದು ಪಾಬ್ಲೋ ಪಿಕಾಸೋನಲ್ಲಿ (೧೮೮೧–೧೯೭೩). ಮಾಲಗಾ ನಗರದಲ್ಲಿ ಹುಟ್ಟಿದ ಅವನ ತಂದೆಯೇ ಚಿತ್ರಕಲೆಯ ಉಪಾಧ್ಯಾಯ. ಮೊದಲ ಗುರುವೂ ಆತನೇ. ೧೮೯೭ರಲ್ಲಿ, ಹದಿನೈದರ ಪ್ರಾಯದಲ್ಲಿ, ಪಿಕಾಸೋ ಬರೆದ 'ವಿಜ್ಞಾನ ಮತ್ತು ದಯೆ' ಎಂಬ ಚಿತ್ರ ಬಾರ್ಸಿಲೋನಾದಲ್ಲಿದೆ. ಹಾಸಿಗೆ ಹಿಡಿದ ರೋಗಿ, ನಾಡಿ ನೋಡುವ ವೈದ್ಯ, ಮಗುವನ್ನೆತ್ತಿಕೊಂಡ ಸಂನ್ಯಾಸಿನಿ, ಇವರ ಆಕಾರದಲ್ಲಿ ಯಾವ ಶಾಸ್ತ್ರಜ್ಞನೂ ಎತ್ತಿ ತೋರಬಹುದಾದ ದೋಷ ಸಿಗದು. ನೆಟ್ಟಗೆ ಬರೆಯುವುದು ಅವನಿಗೆ ಬಾಲ್ಯದಲ್ಲೇ ಕೈವಶವಾಗಿದ್ದಿತು. ಹತ್ತು ವರ್ಷಗಳ ಮೇಲೆ, ೧೯೦೭ರಲ್ಲಿ, ಅವನು 'ಅವಿನ್ಯೋನಿನ ತರುಣಿಯರು' ಎಂಬ ಚಿತ್ರವನ್ನು ಬರೆದನು. ಬಳಿಕ ಫ್ರಾನ್ಸಿನ ಬ್ರಾಕ್ ಎಂಬವನೊಡನೆ ಕೂಡಿ ಘನಾಕೃತಿ ಪಂಥವನ್ನು, ಎಂದರೆ ಕ್ಯೂಬಿಸಮ್ಮನ್ನು, ಬೆಳೆಸಿದನು. ಒಂದೇ ಕಡೆ ನಿಂತು ಕಂಡುದನ್ನಷ್ಟೇ ಬರೆಯದೆ, ವಸ್ತುವನ್ನು ಸುತ್ತಿ ಬಂದು ಕಂಡ ನಾನಾ ಮುಖಗಳನ್ನು ಒಂದೇ ಪಟದಲ್ಲಿ ಸೇರಿಸುವುದು ಇದರ ಮುಖ್ಯ ತತ್ತ್ವ. ಮ್ಯಾಡ್ರಿಡ್ಡಿನ ಹುವಾನ್ ಗ್ರಿಸ್ (೧೮೮೭–೧೯೨೭) ಈ ಪಂಥಕ್ಕೆ ಗಣಿತದಂಥ ಶಿಸ್ತನ್ನು ತಂದುಕೊಟ್ಟನು.

ಈ ಹೊಸ ಭಾಷೆ ಏತಕ್ಕೆ ಬೇಕಾಗಿತ್ತೆಂಬುದನ್ನು ೧೯೩೭ನೆಯ ವರ್ಷ ತೋರಿಸಿತು. ಆ ವರ್ಷದ ಏಪ್ರಿಲ್ ೨೬ರಂದು, ಸಂತೆಯ ದಿನವಾದ ಸೋಮವಾರ, ಫ್ರಾಂಕೋನ ಪಕ್ಷಕ್ಕೆ ನೆರವಾಗಿ ಬಂದಿದ್ದ ಜರ್ಮನ್ ಮತ್ತು ಇಟಾಲಿಯನ್ ವಿಮಾನಗಳು ಬಾಸ್ಕ್ ಜನರ ಗೆರ್ನಿಕಾ ಪಟ್ಟಣದ ಮೇಲೆ ಬಾಂಬುಗಳನ್ನು ಸುರಿದವು. ಪ್ಯಾರಿಸ್ಸಿನ ವಿಶ್ವಪ್ರದರ್ಶನದಲ್ಲಿದ್ದ ಸ್ಪೇನಿನ ಗಣರಾಜ್ಯದ ಮಂಟಪಕ್ಕೆಂದು ಒಂದು ಭಿತ್ತಿಚಿತ್ರವನ್ನು ಒಪ್ಪಿಕೊಂಡಿದ್ದ ಪಿಕಾಸೋ, ಮೇ ೧ರಂದು ಕರಡು ರೇಖೆಗಳನ್ನೆಳೆಯತೊಡಗಿದನು. ಸುಮಾರು ಮೂರೂವರೆ ಮೀಟರ್ ಎತ್ತರ, ಏಳೂಮುಕ್ಕಾಲು ಮೀಟರ್ ಅಗಲದ ಆ ಪಟದಲ್ಲಿ ಕಪ್ಪು, ಬಿಳುಪು, ಬೂದಿಗಳಲ್ಲದೆ ಬೇರೆ ಬಣ್ಣವಿಲ್ಲ. ಸತ್ತ ಮಗುವನ್ನು ಹಿಡಿದು ಆಕಾಶಕ್ಕೆ ಬಾಯ್ತೆರೆದ ತಾಯಿ, ಇರಿತಕ್ಕೆ ಸಿಕ್ಕ ಕುದುರೆ, ಮುರಿದ ಕತ್ತಿ, ಕಿಟಕಿಯಿಂದ ದೀಪ ಚಾಚಿದ ಹೆಂಗಸು, ವಿಮಾನವಿಲ್ಲ, ಶತ್ರುವಿಲ್ಲ. ಗೋಯಾ ಕೊಲ್ಲುವವರ ಮುಖಗಳನ್ನು ಮರೆಮಾಡಿದ್ದನು. ಪಿಕಾಸೋ ಅವರನ್ನೇ ಪಟದಿಂದ ತೆಗೆದುಹಾಕಿದನು. ಅಳತೆ ತಪ್ಪಿದ ಆ ಕೈಕಾಲುಗಳನ್ನು ಅಳತೆಗೆ ತಂದಿದ್ದರೆ ಆ ತಾಯಿಯ ಕೂಗು ನಮ್ಮವರೆಗೆ ಬರುತ್ತಿರಲಿಲ್ಲ. ಸ್ಪೇನಿನಲ್ಲಿ ಪ್ರಜೆಗಳ ಸ್ವಾತಂತ್ರ್ಯ ಮರಳುವ ತನಕ ಈ ಚಿತ್ರ ಅಲ್ಲಿಗೆ ಹೋಗಕೂಡದೆಂಬುದು ಅವನ ಕಟ್ಟಳೆ. ೧೯೭೩ರಲ್ಲಿ ಅವನೂ ೧೯೭೫ರಲ್ಲಿ ಫ್ರಾಂಕೋನೂ ತೀರಿಕೊಂಡರು. ದೀರ್ಘಕಾಲ ನ್ಯೂಯಾರ್ಕಿನಲ್ಲಿದ್ದ ಚಿತ್ರ ೧೯೮೧ರ ಸೆಪ್ಟೆಂಬರಿನಲ್ಲಿ ಮ್ಯಾಡ್ರಿಡ್ಡಿಗೆ ಬಂದಿತು.

ಅದೇ ಕಾಲದಲ್ಲಿ ಅತಿವಾಸ್ತವ ಪಂಥಕ್ಕೆ ಸ್ಪೇನು ಇಬ್ಬರನ್ನು ಕೊಟ್ಟಿತು. ಜುವಾನ್ ಮಿರೋ (೧೮೯೩–೧೯೮೩) ಕ್ಯಾಟಲೋನಿಯಾದ ಹಳೆಯ ಚರ್ಚುಗಳ ಭಿತ್ತಿಚಿತ್ರಗಳಿಂದ ಬಣ್ಣವನ್ನೂ ರೇಖೆಯನ್ನೂ ಕಲಿತವನು. ಮಹಾಯುದ್ಧದ ನಡುವೆ, ೧೯೪೦–೪೧ರಲ್ಲಿ, 'ನಕ್ಷತ್ರಪುಂಜಗಳು' ಎಂಬ ಇಪ್ಪತ್ತಮೂರು ಸಣ್ಣ ಚಿತ್ರಗಳನ್ನು ಬರೆದನು. ಸಾಲ್ವಡಾರ್ ಡಾಲಿ (೧೯೦೪–೧೯೮೯) ಕನಸಿನ ಅಸಂಗತಗಳನ್ನು ಹಳೆಯ ಆಚಾರ್ಯರ ಸೂಕ್ಷ್ಮ ಕುಸುರಿಯಿಂದ ಬರೆದನು. ಕರಗಿ ಜೋಲುವ ಗಡಿಯಾರಗಳ ಅವನ ಪ್ರಖ್ಯಾತ ಚಿತ್ರ (೧೯೩೧) ಕೇವಲ ೨೪ ಸೆಂಟಿಮೀಟರ್ ಎತ್ತರ, ೩೩ ಸೆಂಟಿಮೀಟರ್ ಅಗಲದ್ದು.

ಶಿಲ್ಪದಲ್ಲಾದ ಪರಿವರ್ತನೆಯ ಮೂಲ ಕುಲುಮೆಯಲ್ಲಿದೆ. ಹೂಲಿಯೋ ಗೊನ್ಸಾಲೆಸ್ (೧೮೭೬–೧೯೪೨) ತಂದೆಯ ಕಮ್ಮಟದಲ್ಲಿ ಲೋಹದ ಕೆಲಸ ಕಲಿತವನು. ೧೯೧೮ರಲ್ಲಿ ಪ್ಯಾರಿಸ್ ಬಳಿಯ ರೆನೋ ಕಾರ್ಖಾನೆಯಲ್ಲಿ ಅವನು ಅನಿಲದ ಬೆಸುಗೆಯನ್ನು ಕಲಿತನು. ಅದುವರೆಗೆ ಶಿಲ್ಪವೆಂದರೆ ಕಲ್ಲನ್ನು ಕಡೆಯುವುದು, ಇಲ್ಲವೆ ಕಂಚನ್ನು ಎರೆಯುವುದು. ಕಂಬಿ ತಗಡುಗಳನ್ನು ಬೆಸೆದು ನಡುವಿನ ಬಯಲನ್ನೂ ಶಿಲ್ಪದ ಅಂಗವನ್ನಾಗಿಸುವುದು ಅವನ ಮಾರ್ಗ. ೧೯೨೮ರಿಂದ ಪಿಕಾಸೋನಿಗೂ ಕಬ್ಬಿಣದ ಕೆಲಸದಲ್ಲಿ ಅವನೇ ನೆರವಾದನು. ಈ ಮಾರ್ಗವನ್ನು ಬಾಸ್ಕ್ ನಾಡಿನ ಎಡುವಾರ್ದೋ ಚಿಲ್ಲಿದಾ (೧೯೨೪–೨೦೦೨) ಮುಂದುವರಿಸಿದನು. ಕಾಲ್ಚೆಂಡಿನ ಗೋಲುರಕ್ಷಕನಾಗಿದ್ದ ಅವನು ಮಂಡಿಯ ಪೆಟ್ಟಿನಿಂದ ಆಟ ಬಿಟ್ಟು, ಹಳ್ಳಿಯ ಕಮ್ಮಾರನೊಬ್ಬನ ಬಳಿ ಕಬ್ಬಿಣ ಬಡಿಯಲು ಕಲಿತನು. ಸಾನ್ ಸೆಬಾಸ್ಟಿಯನ್ ಕಡಲತೀರದ ಬಂಡೆಗಳ ಮೇಲೆ ೧೯೭೭ರಲ್ಲಿ ನಿಂತ ಅವನ 'ಗಾಳಿಯ ಬಾಚಣಿಗೆ' ಮೂರು ಉಕ್ಕಿನ ಶಿಲ್ಪಗಳ ಸಮೂಹ. ಗೆರ್ನಿಕಾ ಪಟ್ಟಣದಲ್ಲಿ ೧೯೮೮ರಲ್ಲಿ ಅವನು ನಿಲ್ಲಿಸಿದ ಕಾಂಕ್ರೀಟಿನ ಶಿಲ್ಪದ ಹೆಸರು 'ನಮ್ಮ ತಂದೆಯ ಮನೆ'.

ಅಂತರ್ಯುದ್ಧದ ಅನಂತರ ಮೌನ ಕವಿದಿದ್ದ ಕಾಲದಲ್ಲಿಯೂ ಕಲೆ ಬತ್ತಲಿಲ್ಲ. ೧೯೪೮ರಲ್ಲಿ ಬಾರ್ಸಿಲೋನಾದ ತರುಣರು ಕಟ್ಟಿಕೊಂಡ ಕೂಟದ ಹೆಸರು 'ದೌ ಅಲ್ ಸೆಟ್', ಎಂದರೆ ದಾಳದ ಏಳನೆಯ ಮುಖ. ಅವರಲ್ಲೊಬ್ಬನಾದ ಆಂಟೋನಿ ಟಾಪಿಯೆಸ್ (೧೯೨೩–೨೦೧೨) ಬಣ್ಣಕ್ಕೆ ಮರಳನ್ನೂ ಅಮೃತಶಿಲೆಯ ಪುಡಿಯನ್ನೂ ಬೆರೆಸಿ, ಗೀರು ಬಿದ್ದ ಹಳೆಯ ಗೋಡೆಗಳಂಥ ಪಟಗಳನ್ನು ರಚಿಸಿದನು. ೧೯೫೭ರಲ್ಲಿ ಮ್ಯಾಡ್ರಿಡ್ಡಿನಲ್ಲಿ ಹುಟ್ಟಿದ 'ಎಲ್ ಪಾಸೋ' ಕೂಟದ ಮಿಲ್ಲಾರೆಸ್ ಹರಿದ ಗೋಣಿತಟ್ಟುಗಳನ್ನು ಹೊಲಿದು ಚಿತ್ರವಾಗಿಸಿದನು. ವಾಸ್ತುವಿನಲ್ಲಿ ರಫಾಯೆಲ್ ಮೊನೆಯೋ ಮೆರಿದಾ ಪಟ್ಟಣದ ರೋಮನ್ ಕಲಾ ವಸ್ತುಸಂಗ್ರಹಾಲಯವನ್ನು (೧೯೮೬) ಇಟ್ಟಿಗೆಯ ಎತ್ತರದ ಕಮಾನುಗಳಿಂದ ಕಟ್ಟಿಸಿ, ಕೆಳಗಿದ್ದ ರೋಮನ್ ಅವಶೇಷಗಳನ್ನು ಇದ್ದಲ್ಲಿಯೇ ಉಳಿಸಿದನು.

ಹೀಗೆ ನೋಡಿದರೆ ಉಪಾಧ್ಯಾಯನ ಮಗ, ಕಂಚುಗಾರನ ಮಗ, ಕಮ್ಮಾರನ ಶಿಷ್ಯ, ಇವರೇ ಆಧುನಿಕ ಸ್ಪೇನಿನ ಕಲೆಯನ್ನು ಕಟ್ಟಿದವರು. ಕಲಿತ ವಿದ್ಯೆಯನ್ನು ಅವರು ತೊರೆಯಲಿಲ್ಲ. ಅದು ಹಿಂದೆ ಹೇಳದಿದ್ದುದನ್ನು ಅದರಿಂದಲೇ ಹೇಳಿಸಿದರು. ಈ ಮಾತಿಗೆ ಸಣ್ಣದೊಂದು ಕಟ್ಟಡ ಸಾಕ್ಷಿಯಾಗಿದೆ. ೧೯೦೯ರಲ್ಲಿ ಗೌಡಿ ತನ್ನ ಮಹಾದೇವಾಲಯದ ಆವರಣದಲ್ಲಿ ಅಲ್ಲಿ ದುಡಿಯುವವರ ಮತ್ತು ನೆರೆಹೊರೆಯವರ ಮಕ್ಕಳಿಗಾಗಿ ಮೂರು ಕೋಣೆಗಳ ಒಂದು ಶಾಲೆಯನ್ನು ಕಟ್ಟಿದನು. ತೆಳುವಾದ ಇಟ್ಟಿಗೆ, ಗೋಡೆಯೂ ಚಾವಣಿಯೂ ಅಲೆಯಲೆಯಾಗಿ ಬಾಗಿದುವು, ಆ ಬಾಗಿನಿಂದಲೇ ತೆಳುವಾದುದಕ್ಕೆ ಬಲ. ೧೯೨೮ರಲ್ಲಿ ಬಂದ ಪ್ರಸಿದ್ಧ ವಾಸ್ತುಶಿಲ್ಪಿ ಲ ಕಾರ್ಬೂಸಿಯೇ ಆ ಚಾವಣಿಯನ್ನು ನೋಡಿ ತನ್ನ ಪುಸ್ತಕದಲ್ಲಿ ಗೆರೆಯೆಳೆದುಕೊಂಡನು. ೧೯೩೬ರ ಬೆಂಕಿ ಅದನ್ನೂ ಬಿಡಲಿಲ್ಲ, ಮತ್ತೆ ಕಟ್ಟಿದರು. ದೇವಾಲಯದ ಕೆಲಸ ಇಂದಿಗೂ ನಡೆದೇ ಇದೆ. ಶಾಲೆ ಮಾತ್ರ ಅಂದೇ ಮುಗಿದು, ಮಕ್ಕಳು ಒಳಗೆ ಬಂದು ಕುಳಿತಿದ್ದರು.